ಹಳೆಯ ಬೈಕ್ ಮನೆಗೆ ತರುವ ಮುನ್ನ





ನಿಮ್ಮ ಮನೆಯ ಹುಡುಗನೊಬ್ಬ ಈ ಚಳಿಗಾಲದಲ್ಲಿ ಸೆಕೆಂಡ್ ಹ್ಯಾಂಡ್ ಬೈಕೊಂದನ್ನು ಕೊಂಡು ತರಲು ಹೊರಟಿದ್ದಾನೆಂದು ಭಾವಿಸಿರಿ. ಕಂತಿನ ಮೇಲೆ ಹೊಸ ಗಾಡಿ ತರಬಹುದಿತ್ತು. ಆದರೆ ಬಡ್ಡಿಯ ಸಾಲ ಬೇಡವೆಂದು ತಾಯಿ ಹಟ ಹಿಡಿದಿದ್ದಾಳೆ. ಆದುದರಿಂದ ಎರಡು ವರ್ಷ ಕೂಡಿಟ್ಟ ಹಣವನ್ನು ಅಂಗಿಯ ಒಳಕಿಸೆಯಲ್ಲಿಟ್ಟುಕೊಂಡು ಅವನು ಬೆಳಗಿನ ಬಸ್ಸು ಹತ್ತಿದ್ದಾನೆ. ಸಂಜೆ ಅದೇ ಬೈಕಿನಲ್ಲಿ ಮನೆಯಂಗಳಕ್ಕೆ ಬಂದು ಇಳಿಯಬೇಕೆಂಬುದು ಅವನ ಆಸೆ. ತಾಯಿ ಬಾಗಿಲಲ್ಲಿ ಕಾಯುತ್ತಿರುತ್ತಾಳೆ.

ಇದರಲ್ಲಿ ಧರ್ಮದ ಮಾತೇನಿದೆ, ಇದೊಂದು ಲೌಕಿಕ ವಿಚಾರವಲ್ಲವೇ ಎಂದು ಕೆಲವರು ಕೇಳಬಹುದು. ನಮ್ಮಲ್ಲಿ ಅನೇಕರ ಅಭ್ಯಾಸವೇ ಹಾಗಾಗಿದೆ. ನಮಾಝ್, ಉಪವಾಸ, ಝಕಾತ್‌ಗಳನ್ನು ನಾವು ಧರ್ಮದ ಕಪಾಟಿನಲ್ಲಿಡುತ್ತೇವೆ. ಕೊಡುವುದು ಕೊಳ್ಳುವುದು, ರಸ್ತೆಯಲ್ಲಿ ಸಾಗುವುದು ಇವನ್ನೆಲ್ಲ ಬೇರೊಂದು ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇವೆ. ಆದರೆ ಪವಿತ್ರ ಕುರ್‌ಆನ್ ಅಂತಹ ಎರಡು ಕಪಾಟುಗಳನ್ನು ಮಾಡಿಲ್ಲ.

ಅನ್ನಿಸಾ ಅಧ್ಯಾಯದ 29ನೇ ಸೂಕ್ತವನ್ನು ತೆರೆದು ನೋಡಿರಿ. ಸತ್ಯವಿಶ್ವಾಸಿಗಳನ್ನು ಸಂಬೋಧಿಸುವ ಆ ಸೂಕ್ತದ ಆರಂಭದಲ್ಲಿ ಅಲ್ಲಾಹನು ವ್ಯವಹಾರದ ಕುರಿತು ಆಜ್ಞಾಪಿಸುತ್ತಾನೆ. ಒಬ್ಬರ ಸೊತ್ತನ್ನು ಇನ್ನೊಬ್ಬರು ಅನ್ಯಾಯವಾಗಿ ಕಬಳಿಸಬಾರದು, ಪರಸ್ಪರ ಒಪ್ಪಿಗೆಯ ವ್ಯಾಪಾರವಾದರೆ ಸರಿ ಎಂಬುದು ಅದರ ಆಶಯ. ಅದೇ ಸೂಕ್ತದಲ್ಲಿ, ಅದೇ ಉಸಿರಿನಲ್ಲಿ ಎಂಬಂತೆ, ಎರಡನೆಯ ಆಜ್ಞೆ ಬರುತ್ತದೆ. ನಿಮ್ಮನ್ನು ನೀವೇ ಕೊಂದುಕೊಳ್ಳಬಾರದು. ಅಲ್ಲಾಹನು ನಿಮ್ಮ ಮೇಲೆ ಕರುಣೆಯುಳ್ಳವನು ಎಂಬ ಮಾತಿನೊಂದಿಗೆ ಸೂಕ್ತ ಮುಗಿಯುತ್ತದೆ.

ವ್ಯಾಪಾರದ ಮಾತಿಗೂ ಪ್ರಾಣದ ಮಾತಿಗೂ ಏನು ಸಂಬಂಧ? ಬಹಳ ವರ್ಷ ಈ ಸೂಕ್ತವನ್ನು ಓದಿದರೂ ನಾನು ಈ ಪ್ರಶ್ನೆಯನ್ನು ನನ್ನೊಡನೆ ಕೇಳಿಕೊಂಡಿರಲಿಲ್ಲ. ಕೊಡಗಿನ ಒಂದು ಚಳಿಯ ಸಂಜೆ ಅದನ್ನು ನನಗೆ ಕಲಿಸಿತು.

ಮಡಿಕೇರಿಯಲ್ಲಿ ಆ ದಿನ

2011ರ ಜನವರಿ ತಿಂಗಳು. ನನ್ನ ತಂಗಿಯ ಮಗ ಮಡಿಕೇರಿಯಲ್ಲಿ ಒಂದು ಬೈಕ್ ನೋಡಿದ್ದ. ನೂರು ಸಿ.ಸಿ.ಯ ಗಾಡಿ. ಮಾರುವವರು ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದು ನಿವೃತ್ತರಾದ ಹಿರಿಯರು. ಜೊತೆಗೆ ದೊಡ್ಡವರೊಬ್ಬರು ಇರಲೆಂದು ತಂಗಿ ನನ್ನನ್ನು ಕಳುಹಿಸಿದಳು. ಸುಳ್ಯದಿಂದ ಬಸ್ಸು ಹತ್ತಿದೆವು. ನಾವು ಕರಾವಳಿಯ ಕಡೆಯವರು. ನಮಗೆ ಚಳಿ ಎಂದರೆ ಬೆಳಿಗ್ಗೆ ಎದ್ದಾಗ ಒಂದು ಗಳಿಗೆ ಹೊದಿಕೆ ಎಳೆದುಕೊಳ್ಳುವಷ್ಟು ಮಾತ್ರ. ಹುಡುಗ ಒಂದು ತೆಳು ಅಂಗಿಯಲ್ಲೇ ಬಂದಿದ್ದ. ನಾನೂ ಅಷ್ಟೇ.

ಆ ಹಿರಿಯರು ಮುಸ್ಲಿಮರಲ್ಲ. ಆದರೆ ಅಂದು ಅವರು ವ್ಯಾಪಾರ ಮಾಡಿದ ರೀತಿಯನ್ನು ನಮ್ಮ ಮದ್ರಸಗಳಲ್ಲಿ ಪಾಠವಾಗಿ ಹೇಳಬಹುದು. ನಾವು ಗಾಡಿಯ ಸೀಟು ಮುಟ್ಟುವ ಮೊದಲೇ ಅವರು ಹೇಳಿದರು: “ನೋಡಿ ಇವ್ರೇ, ಇಂಜಿನ್ ಚೆನ್ನಾಗಿದೆ. ಕ್ಲಚ್ ಪ್ಲೇಟ್ ಹೋದ ವರ್ಷ ಬದಲಾಯಿಸಿದ್ದೇನೆ. ಆದರೆ ಮುಂದಿನ ಬ್ರೇಕ್ ಶೂ ಸವೆದು ಹೋಗಿದೆ. ಹಿಂದಿನ ಟೈರು ಮಳೆಗಾಲದವರೆಗೆ ಬಂದರೆ ಹೆಚ್ಚು. ಇದನ್ನೆಲ್ಲ ಲೆಕ್ಕ ಹಾಕಿ ಬೆಲೆ ಹೇಳಿ.”

ನಾವು ಹೇಳಿದ ಬೆಲೆಗೆ ಅವರು ಒಪ್ಪಿದರು. ಆದರೆ ಮುಂದಿನ ಬ್ರೇಕು ಸರಿಯಾಗದೆ ಗಾಡಿ ಅಂಗಳ ದಾಟಬಾರದೆಂದು ಹಟ ಹಿಡಿದು, ಪಕ್ಕದ ರಸ್ತೆಯ ವರ್ಕ್‌ಶಾಪಿಗೆ ತಾವೇ ತಳ್ಳಿಕೊಂಡು ಬಂದರು. ಕೆಲಸ ಮುಗಿದಾಗ ಸಂಜೆ ಐದೂವರೆ. ಬೆಟ್ಟದ ತುದಿಗಳಲ್ಲಿ ಆಗಲೇ ಮಂಜು ಇಳಿಯುತ್ತಿತ್ತು.

“ಈಗ ಹೊರಡಬೇಡಿ. ಬೆಳಿಗ್ಗೆ ಬಿಸಿಲು ಬಂದ ಮೇಲೆ ಹೋಗಿ” ಎಂದರು ಅವರು.

ಹುಡುಗನ ಮುಖ ನೋಡಿದೆ. ಅವನಿಗೆ ಆ ಸಂಜೆಯೇ ತಾಯಿಗೆ ಗಾಡಿ ತೋರಿಸಬೇಕು. “ಮಾಮ, ಒಂದೂವರೆ ಗಂಟೆಯ ದಾರಿ ಅಷ್ಟೇ” ಎಂದ. ನಾನೂ “ಬಿಸ್ಮಿಲ್ಲಾ, ನಡಿ” ಎಂದೆ. ಅಲ್ಲಾಹನ ಹೆಸರನ್ನು ಹೇಳಿ ನಾನು ಅಂದು ಮುಚ್ಚಿಕೊಂಡದ್ದು ನನ್ನ ಅವಿವೇಕವನ್ನು. ಇದು ನನಗೆ ಹೊಳೆದದ್ದು ಆಮೇಲೆ.

ಮದೆನಾಡು ದಾಟುವಷ್ಟರಲ್ಲಿ ಗಾಳಿ ಅಂಗಿಯನ್ನು ತೂರಿ ಎದೆಗೆ ನಾಟತೊಡಗಿತು. ನಿಂತಲ್ಲಿ ಹಿತವೆನಿಸುವ ಚಳಿ ಗಾಡಿ ಓಡುವಾಗ ಹಾಗಿರುವುದಿಲ್ಲ. ಮೈಯ ಬಿಸಿಯನ್ನು ಗಾಳಿ ಕ್ಷಣಕ್ಷಣಕ್ಕೂ ಕಿತ್ತುಕೊಂಡು ಹೋಗುತ್ತದೆ. ಮೊದಲು ಸೋಲುವುದು ಬೆರಳುಗಳು. ಜೋಡುಪಾಲದ ಕಡೆಗೆ ಇಳಿಯುವ ಒಂದು ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತು. ಹುಡುಗ ಬ್ರೇಕ್ ಹಿಡಿಯಬೇಕೆಂದುಕೊಂಡ. ಬೆರಳುಗಳು ಮಾತು ಕೇಳಲಿಲ್ಲ. ಬ್ರೇಕು ಹೊಸದಾಗಿತ್ತು, ಅದನ್ನು ಹಿಡಿಯುವ ಕೈ ಮರಗಟ್ಟಿತ್ತು. ಕಾಲಿನ ಬ್ರೇಕಿನ ಬಲದಿಂದ ಗಾಡಿ ರಸ್ತೆ ಬದಿಯ ಚರಂಡಿಯ ಅಂಚಿಗೆ ಬಂದು ನಿಂತಿತು. ಬಸ್ಸು ಹಾರ್ನ್ ಹೊಡೆಯುತ್ತಾ ಹಾದುಹೋಯಿತು. ನಾವಿಬ್ಬರೂ ಒಂದು ನಿಮಿಷ ಮಾತನಾಡಲಿಲ್ಲ.

ಅಲ್ಹಮ್ದುಲಿಲ್ಲಾಹ್, ಯಾರಿಗೂ ಏನೂ ಆಗಲಿಲ್ಲ. ಸ್ವಲ್ಪ ದೂರದಲ್ಲಿದ್ದ ಒಂದು ಚಹಾದಂಗಡಿಯವರು ನಮ್ಮನ್ನು ಒಲೆಯ ಪಕ್ಕದಲ್ಲಿ ಕೂರಿಸಿದರು. ಹುಡುಗನಿಗೆ ಗ್ಲಾಸು ಹಿಡಿಯಲಾಗುತ್ತಿರಲಿಲ್ಲ. ತಂಗಿಗೆ ಫೋನ್ ಮಾಡಿ, ಇವತ್ತು ಬರುವುದಿಲ್ಲವೆಂದು ಹೇಳಿದೆ. ನಿಧಾನವಾಗಿ ಮಡಿಕೇರಿಗೆ ಹಿಂದಿರುಗಿ ರಾತ್ರಿಯನ್ನು ಮಸೀದಿಯೊಂದರಲ್ಲಿ ಕಳೆದೆವು.

ಚಳಿಯ ರಾತ್ರಿಯಲ್ಲಿ ಒಬ್ಬ ಸಹಾಬಿ

ಮುಂಜಾನೆ ಫಜ್ರ್‌ಗೆ ವುಝೂ ಮಾಡಲು ನಲ್ಲಿ ತಿರುಗಿಸಿದಾಗ ನೀರು ಬೆರಳನ್ನು ಕಚ್ಚಿತು. ಆಗ ನನಗೆ ಹಝ್ರತ್ ಅಮ್ರ್ ಬಿನ್ ಆಸ್(ರ) ಅವರ ಘಟನೆ ನೆನಪಾಯಿತು. ಸುನನ್ ಅಬೂದಾವೂದ್‌ನಲ್ಲಿ ವರದಿಯಾಗಿರುವ ಘಟನೆಯಿದು.

ಹಿಜರಿ 8ನೇ ವರ್ಷ. ದಾತುಸ್ಸಲಾಸಿಲ್ ಎಂಬ ದಂಡಯಾತ್ರೆಯಲ್ಲಿ ಅವರು ನಾಯಕರಾಗಿದ್ದರು. ಕೊರೆಯುವ ಚಳಿಯ ಒಂದು ರಾತ್ರಿ ಅವರಿಗೆ ಸ್ನಾನ ಕಡ್ಡಾಯವಾಯಿತು. ಆ ಚಳಿಯಲ್ಲಿ ಸ್ನಾನ ಮಾಡಿದರೆ ಪ್ರಾಣವೇ ಹೋಗಬಹುದೆಂದು ಅವರಿಗೆ ಭಯವಾಯಿತು. ಅವರು ತಯಮ್ಮುಮ್ ಮಾಡಿ ಸಂಗಡಿಗರಿಗೆ ಫಜ್ರ್ ನಮಾಝಿನ ನೇತೃತ್ವ ವಹಿಸಿದರು. ಮದೀನಕ್ಕೆ ಮರಳಿದಾಗ ಈ ವಿಷಯ ಪ್ರವಾದಿವರ್ಯರ(ಸ) ಗಮನಕ್ಕೆ ಬಂತು. ಸ್ನಾನ ಕಡ್ಡಾಯವಾದ ಸ್ಥಿತಿಯಲ್ಲಿ ನಮಾಝ್ ಮಾಡಿಸಿದಿರಾ ಎಂದು ಅವರು ವಿಚಾರಿಸಿದರು. ಅಮ್ರ್(ರ) ತಮ್ಮ ಭಯವನ್ನು ವಿವರಿಸಿ, ಆಧಾರವಾಗಿ ಒಂದು ಸೂಕ್ತವನ್ನು ಓದಿದರು. ಪ್ರವಾದಿವರ್ಯರು(ಸ) ನಕ್ಕುಬಿಟ್ಟರು, ಏನೂ ಹೇಳಲಿಲ್ಲ. ಪ್ರವಾದಿಯವರ(ಸ) ಮೌನ ಸಮ್ಮತಿಯೇ ಆಗಿದೆಯೆಂದು ವಿದ್ವಾಂಸರು ತಿಳಿಸಿದ್ದಾರೆ.

ಓದುಗರೇ, ಅಮ್ರ್(ರ) ಓದಿದ ಆ ಸೂಕ್ತ ಯಾವುದು ಗೊತ್ತೇ? ಅದೇ ಅನ್ನಿಸಾ ಅಧ್ಯಾಯದ 29ನೆಯದು. ವ್ಯಾಪಾರದ ಆಜ್ಞೆಯಿಂದ ಆರಂಭವಾಗುವ ಅದೇ ಸೂಕ್ತ! ಚಳಿಯಲ್ಲಿ ಪ್ರಾಣವನ್ನು ಅಪಾಯಕ್ಕೊಡ್ಡಬಾರದೆಂಬುದಕ್ಕೆ ಒಬ್ಬ ಸಹಾಬಿ ಅದನ್ನು ಪುರಾವೆಯಾಗಿ ತಂದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಷ್ಟ ಬೇರೆ, ಅಪಾಯ ಬೇರೆ. ತಣ್ಣೀರಿನ ಕಷ್ಟವನ್ನು ಸಹಿಸಿ ಪೂರ್ಣವಾಗಿ ವುಝೂ ಮಾಡುವವನ ಪಾಪಗಳು ಅಳಿಯುತ್ತವೆಂದು ಸಹೀಹ್ ಮುಸ್ಲಿಮಿನ ಹದೀಸಿನಲ್ಲಿದೆ. ನೀರು ಕಾಯಿಸುವ ಅನುಕೂಲವಿದ್ದರೆ ಕಾಯಿಸಿಕೊಳ್ಳಬೇಕು. ಬರಿಯ ಸೋಮಾರಿತನಕ್ಕೆ ತಯಮ್ಮುಮ್ ಇಲ್ಲ. ಆದರೆ ಪ್ರಾಣಕ್ಕೆ ಅಥವಾ ಆರೋಗ್ಯಕ್ಕೆ ನಿಜವಾದ ಅಪಾಯವಿದ್ದಾಗ ಆರಾಧನೆಯ ವಿಧಿಯಲ್ಲೇ ಅಲ್ಲಾಹನು ರಿಯಾಯಿತಿ ನೀಡಿದ್ದಾನೆ. ತನ್ನ ಮುಂದೆ ನಿಲ್ಲುವ ನಮಾಝಿನ ವಿಷಯದಲ್ಲೇ ಪ್ರಾಣವನ್ನು ಪಣಕ್ಕಿಡಬೇಡಿರೆಂದು ಹೇಳುವ ಒಡೆಯನು, ಹೊಸದಾಗಿ ಕೊಂಡ ಬೈಕನ್ನು ಇವತ್ತೇ ತಾಯಿಗೆ ತೋರಿಸಬೇಕೆಂಬ ಆತುರಕ್ಕೆ ಪ್ರಾಣ ಕೊಡಲು ಅನುಮತಿಸುವನೇ?

ಆ ಸೂಕ್ತದ ಎರಡು ಆಜ್ಞೆಗಳ ಸಂಬಂಧವೂ ನನಗೆ ಅಂದು ಅರ್ಥವಾಯಿತು. ಆ ಹಿರಿಯರು ಬ್ರೇಕಿನ ವಿಷಯವನ್ನು ಮುಚ್ಚಿಟ್ಟಿದ್ದರೆ, ನಮ್ಮ ಸುಮಾರು ಒಂದೂವರೆ ಸಾವಿರ ರೂಪಾಯಿ ಮಾತ್ರ ಅನ್ಯಾಯವಾಗಿ ಅವರ ಪಾಲಾಗುತ್ತಿರಲಿಲ್ಲ. ಆ ಘಾಟಿಯಲ್ಲಿ ಎರಡು ಜೀವಗಳೂ ಹೋಗಬಹುದಿತ್ತು. ವ್ಯಾಪಾರದಲ್ಲಿ ಮುಚ್ಚಿಟ್ಟ ದೋಷ ಎಷ್ಟೋ ಸಲ ರಸ್ತೆಯಲ್ಲಿ ಹೆಣವಾಗಿ ಹೊರಬರುತ್ತದೆ.

ನನ್ನದೊಂದು ತಪ್ಪು

ಆ ಮುಂಜಾನೆ ನಮಾಝ್ ಮುಗಿಸಿ ಕುಳಿತಾಗ ಇನ್ನೊಂದು ನೆನಪು ನನ್ನನ್ನು ಇರಿಯಿತು. ಅದನ್ನು ಇಲ್ಲಿ ಹೇಳುತ್ತೇನೆ. ತಪ್ಪನ್ನು ಸಾರಿಕೊಳ್ಳುವುದು ಹೆಮ್ಮೆಯ ಕೆಲಸವಲ್ಲ. ನಿಮ್ಮಲ್ಲೊಬ್ಬರಾದರೂ ಆ ದಾರಿಯಲ್ಲಿ ಹೋಗದಿರಲೆಂಬುದಷ್ಟೇ ಉದ್ದೇಶ.

2004ರಲ್ಲಿ ನಾನು ನನ್ನ ಹಳೆಯ ಸ್ಕೂಟರನ್ನು ಒಬ್ಬ ಮೀನು ವ್ಯಾಪಾರಿಗೆ ಮಾರಿದ್ದೆ. ಅದು ಒಮ್ಮೆ ಬಿದ್ದು, ಮುಂಭಾಗದಲ್ಲಿ ಬಿರುಕು ಬಿಟ್ಟಿತ್ತು. ವೆಲ್ಡಿಂಗ್ ಮಾಡಿಸಿ ಬಣ್ಣ ಹೊಡೆಸಿದ್ದೆ. ಕೊಳ್ಳುವಾಗ ಆತ, “ಎಲ್ಲಾದರೂ ಬಿದ್ದಿದೆಯಾ?” ಎಂದು ಕೇಳಿದ. “ಗಾಡಿ ನಿಮ್ಮ ಕಣ್ಣೆದುರಿಗೇ ಇದೆ, ನೋಡಿಕೊಳ್ಳಿ” ಎಂದೆ. ಅದು ಸುಳ್ಳಲ್ಲವೆಂದು ನನ್ನ ಮನಸ್ಸಿಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಒಮ್ಮೆ ಪ್ರವಾದಿವರ್ಯರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈಹಾಕಿದಾಗ ಒಳಗೆ ತೇವವಿತ್ತು. ಮಳೆಗೆ ಒದ್ದೆಯಾಯಿತೆಂದು ವ್ಯಾಪಾರಿ ಹೇಳಿದ. ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೇ ಎಂದು ಪ್ರವಾದಿಯವರು(ಸ) ಕೇಳಿದರು. ವಂಚಿಸುವವನು ತನ್ನವನಲ್ಲ ಎಂದೂ ಎಚ್ಚರಿಸಿದರು. ಈ ಹದೀಸ್ ಸಹೀಹ್ ಮುಸ್ಲಿಮಿನಲ್ಲಿದೆ. ಆ ವ್ಯಾಪಾರಿ ಒಂದೇ ಒಂದು ಸುಳ್ಳು ಆಡಿರಲಿಲ್ಲ. ಒಣಗಿದ್ದನ್ನು ಮೇಲಿಟ್ಟಿದ್ದ, ಅಷ್ಟೇ. ನಾನೂ ಅಷ್ಟೇ ಮಾಡಿದ್ದೆ. ಅವನ ರಾಶಿಯ ಮೇಲೆ ಒಣ ಧಾನ್ಯ, ನನ್ನ ಸ್ಕೂಟರಿನ ಮೇಲೆ ಹೊಸ ಬಣ್ಣ!

ಊರಿಗೆ ಮರಳಿದ ವಾರದಲ್ಲೇ ಆತನನ್ನು ಹುಡುಕಿಕೊಂಡು ಹೋದೆ. ಮನೆಯ ಜಗಲಿಯಲ್ಲಿ ಕುಳಿತಿದ್ದರು. ವಿಷಯ ಹೇಳಿದೆ. ಅವರಿಗೆ ಅದು ಗಾಡಿ ಕೊಂಡ ತಿಂಗಳಲ್ಲೇ ಗೊತ್ತಾಗಿತ್ತಂತೆ. ರಿಪೇರಿಗೆ ಸಾವಿರದ ಇನ್ನೂರು ರೂಪಾಯಿ ಖರ್ಚಾಗಿತ್ತಂತೆ. “ಅವತ್ತೇ ನಿಮ್ಮ ಹತ್ತಿರ ಬರಬೇಕೆಂದಿದ್ದೆ. ಆದರೆ ಮಸೀದಿಯಲ್ಲಿ ಮೊದಲ ಸಫ್ಫಿನಲ್ಲಿ ನಿಲ್ಲುವವರು ನೀವು. ನಿಮ್ಮಲ್ಲಿ ಹೇಗೆ ಕೇಳುವುದೆಂದು ಬಿಟ್ಟುಬಿಟ್ಟೆ” ಎಂದರು.

ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ನಾನು ನಿಲ್ಲುತ್ತಿದ್ದ ಮೊದಲ ಸಫ್ಫು, ಅನ್ಯಾಯಕ್ಕೊಳಗಾದ ಒಬ್ಬ ಬಡವನ ಬಾಯಿ ಮುಚ್ಚಿಸಲು ಉಪಯೋಗವಾಗಿತ್ತು. ಹಣ ಕೊಟ್ಟೆ. ಅವರು ತೆಗೆದುಕೊಂಡರು. ಕ್ಷಮಿಸಿದ್ದೇನೆ ಎಂದರು. ಅನ್ಯಾಯ ಮಾಡಿದವನು ದೀನಾರವೂ ದಿರ್ಹಮೂ ಇಲ್ಲದ ಆ ದಿನ ಬರುವುದಕ್ಕೆ ಮುಂಚೆ, ಇಂದೇ ಅದನ್ನು ಸರಿಪಡಿಸಿಕೊಳ್ಳಬೇಕೆಂದು ಬುಖಾರಿಯ ಹದೀಸ್ ತಿಳಿಸುತ್ತದೆ. ಅಂದು ನಾಣ್ಯದ ಬದಲು ನಮ್ಮ ಸತ್ಕರ್ಮಗಳನ್ನೇ ತೆಗೆದು ಕೊಡಬೇಕಾಗುತ್ತದೆ. ಒಂದು ಸ್ಕೂಟರಿನ ಬಿರುಕಿಗೆ ಎಷ್ಟು ನಮಾಝ್‌ಗಳನ್ನು ಕೊಡಬೇಕಾಗುತ್ತಿತ್ತೋ, ಅಲ್ಲಾಹನೇ ಬಲ್ಲ.

ಮಾರುವವರು, ಕೊಳ್ಳುವವರು, ನಡುವಿನವರು

ಹಳೆಯ ವಾಹನದ ವ್ಯಾಪಾರದಲ್ಲಿ ಸಾಮಾನ್ಯವಾಗಿ ಮೂವರಿರುತ್ತಾರೆ. ಮೂವರಿಗೂ ಸಹಾಬಿಗಳ ಬದುಕಿನಲ್ಲಿ ಮಾದರಿಗಳಿವೆ. ಅವರ ಕಾಲದ ವಾಹನ ಒಂಟೆ ಮತ್ತು ಕುದುರೆ, ಅಷ್ಟೇ ವ್ಯತ್ಯಾಸ.

ಮಾರುವವರು ಕೇಳಿಸಿಕೊಳ್ಳಲಿ. ಇಬ್ಬರೂ ಸತ್ಯ ನುಡಿದು ದೋಷಗಳನ್ನು ತೆರೆದಿಟ್ಟರೆ ಅವರ ವ್ಯವಹಾರದಲ್ಲಿ ಬರ್ಕತ್ ಇರುತ್ತದೆ, ಮುಚ್ಚಿಟ್ಟು ಸುಳ್ಳು ಹೇಳಿದರೆ ಬರ್ಕತ್ ಅಳಿಸಿಹೋಗುತ್ತದೆ ಎಂಬುದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಹದೀಸಿನ ಸಾರ. ಕೊಂಡ ಬಳಿಕ ಹಿಂದಿನ ದೋಷ ಬಯಲಾದರೆ ವಸ್ತುವನ್ನು ಹಿಂದಿರುಗಿಸುವ ಹಕ್ಕನ್ನು ಫಿಕ್‌ಹ್ ಕೊಳ್ಳುವವನಿಗೆ ನೀಡಿದೆ. ಓಡಿದ ಕಿಲೋಮೀಟರಿನ ಮೀಟರನ್ನು ತಿರುಗಿಸಿಡುವುದು, ಹೊಗೆಯುಗುಳುವ ಇಂಜಿನ್‌ಗೆ ಮಂದ ಎಣ್ಣೆ ತುಂಬಿಸಿ ಒಂದು ದಿನದ ಮಟ್ಟಿಗೆ ಮರೆಮಾಚುವುದು, ಗಿರಾಕಿ ಬರುವ ಮೊದಲೇ ಇಂಜಿನ್ ಬಿಸಿ ಮಾಡಿಟ್ಟು ಚಳಿಯಲ್ಲಿ ಸ್ಟಾರ್ಟ್ ಆಗದ ದೋಷವನ್ನು ಅಡಗಿಸುವುದು, ಇವೆಲ್ಲ ಜಾಣತನವೆಂದು ಪೇಟೆ ಹೇಳಬಹುದು. ಶರೀಅತ್ತಿನಲ್ಲಿ ಇದರ ಹೆಸರು ವಂಚನೆ.

ನಡುವಿನವರು, ಅಂದರೆ ಬ್ರೋಕರ್‌ಗಳು ಮತ್ತು ಮೆಕ್ಯಾನಿಕ್‌ಗಳು, ಹಝ್ರತ್ ವಾಸಿಲ ಬಿನ್ ಅಸ್‌ಕಅ್(ರ) ಅವರ ಘಟನೆಯನ್ನು ನೆನಪಿಟ್ಟುಕೊಳ್ಳಲಿ. ಇಮಾಮ್ ಗಝ್ಝಾಲಿಯವರು ‘ಇಹ್ಯಾ’ದಲ್ಲಿ ಇದನ್ನು ಉಲ್ಲೇಖಿಸಿದ್ದಾರೆ. ಪೇಟೆಯಲ್ಲಿ ಒಬ್ಬನು ಮುನ್ನೂರು ದಿರ್ಹಮಿಗೆ ಒಂಟೆಯೊಂದನ್ನು ಮಾರಿದ. ಕೊಂಡವನು ಅದನ್ನು ಹಿಡಿದುಕೊಂಡು ಹೊರಟ ಮೇಲೆ ವಾಸಿಲರು(ರ) ಗಮನಿಸಿದರು. ಅವರು ಹಿಂದಿನಿಂದ ಓಡಿಹೋಗಿ, ಇದನ್ನು ಮಾಂಸಕ್ಕೆ ಕೊಂಡೆಯಾ, ಸವಾರಿಗೆ ಕೊಂಡೆಯಾ ಎಂದು ಕೇಳಿದರು. ಸವಾರಿಗೆ ಎಂದಾಗ, ಇದರ ಗೊರಸಿನಲ್ಲಿ ತೂತಿದೆ, ದೂರ ಪ್ರಯಾಣಕ್ಕೆ ಬಾರದು ಎಂದು ತಿಳಿಸಿದರು. ಆತ ಹಿಂದಿರುಗಿ ಬಂದ. ಮಾರಿದವನು ನೂರು ದಿರ್ಹಮ್ ಕಡಿಮೆ ಮಾಡಬೇಕಾಯಿತು. ವ್ಯಾಪಾರ ಕೆಡಿಸಿದಿರೆಂದು ಅವನು ಸಿಡುಕಿದಾಗ ವಾಸಿಲರು(ರ), ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುವೆವೆಂದು ತಾವು ಪ್ರವಾದಿಯವರಿಗೆ(ಸ) ಪ್ರತಿಜ್ಞೆ ನೀಡಿರುವುದನ್ನು ನೆನಪಿಸಿದರು. ದೋಷ ತಿಳಿಸದೆ ಮಾರುವುದು ಹೇಗೆ ಸಲ್ಲದೋ, ತಿಳಿದವನು ಸುಮ್ಮನಿರುವುದೂ ಹಾಗೆಯೇ ಸಲ್ಲದು. ಮಾಂಸಕ್ಕೋ ಸವಾರಿಗೋ ಎಂಬ ಆ ಪ್ರಶ್ನೆ ಎಷ್ಟು ಅರ್ಥಪೂರ್ಣ! ಗುಜರಿಗೆ ಹೋಗುವ ಗಾಡಿಯ ಬ್ರೇಕು ಹೇಗಿದ್ದರೇನು? ಮಗುವನ್ನು ಮುಂದೆ ಕೂರಿಸಿಕೊಂಡು ಹೋಗುವ ಗಾಡಿಯದ್ದು ಹಾಗಲ್ಲ.

ಕೊಳ್ಳುವವರಿಗೂ ಕರ್ತವ್ಯವಿದೆ. ಹಝ್ರತ್ ಜರೀರ್ ಬಿನ್ ಅಬ್ದುಲ್ಲಾ(ರ) ಅವರಿಗಾಗಿ ಅವರ ಸೇವಕ ಮುನ್ನೂರು ದಿರ್ಹಮಿಗೆ ಕುದುರೆಯೊಂದನ್ನು ಗೊತ್ತು ಮಾಡಿದ. ಜರೀರ್(ರ) ಕುದುರೆಯನ್ನು ನೋಡಿ, ಇದು ಅದಕ್ಕಿಂತ ಹೆಚ್ಚು ಬಾಳುತ್ತದೆಂದು ಮಾರುವವನಿಗೆ ತಾವೇ ಹೇಳಿದರು. ನೂರು ನೂರಾಗಿ ಏರಿಸುತ್ತಾ ಕೊನೆಗೆ ಎಂಟುನೂರು ಕೊಟ್ಟರು. ಸಹೀಹ್ ಮುಸ್ಲಿಮಿನ ವ್ಯಾಖ್ಯಾನದಲ್ಲಿ ಇಮಾಮ್ ನವವಿಯವರು ಇದನ್ನು ತಿಳಿಸಿದ್ದಾರೆ. ಮಗಳ ಮದುವೆಗೋ, ಆಸ್ಪತ್ರೆಯ ಖರ್ಚಿಗೋ ಅವಸರದಲ್ಲಿ ಗಾಡಿ ಮಾರುವವನ ಕುತ್ತಿಗೆ ಹಿಸುಕಿ ಅರ್ಧ ಬೆಲೆಗೆ ಕೊಂಡು, ಭಲೇ ವ್ಯಾಪಾರವೆಂದು ಬೀಗುವವರು ಇದನ್ನು ಓದಿ ತಲೆ ತಗ್ಗಿಸಬೇಕು.

ಕಾಗದಪತ್ರವೂ ಅಮಾನತ್ತೇ

ಪರಸ್ಪರ ವಿಶ್ವಾಸವಿದ್ದರೆ ಕಾಗದವೇಕೆ ಎನ್ನುವವರಿದ್ದಾರೆ. ಅಲ್‌ಬಕರ ಅಧ್ಯಾಯದ 282ನೇ ಸೂಕ್ತ ಕುರ್‌ಆನಿನ ಅತಿ ದೀರ್ಘ ಸೂಕ್ತ. ಅದು ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕಲಿಸುತ್ತದೆ. ಕೈಗೆ ಕೈ ನಡೆಯುವ ವ್ಯಾಪಾರಕ್ಕೂ ಸಾಕ್ಷಿಗಳಿರಲಿ ಎನ್ನುತ್ತದೆ.

ನಮ್ಮ ದೇಶದ 1988ರ ಮೋಟಾರು ವಾಹನ ಕಾಯಿದೆಯ 50ನೇ ಕಲಮಿನ ಪ್ರಕಾರ, ಅದೇ ರಾಜ್ಯದೊಳಗೆ ವಾಹನ ಮಾರಿದವರು 14 ದಿನಗಳೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. ಕೊಂಡವರು 30 ದಿನಗಳೊಳಗೆ ತಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಹಾಕಬೇಕು. ಇದಕ್ಕೆ 29 ಮತ್ತು 30ನೇ ನಮೂನೆಗಳಿವೆ. ಗಾಡಿಯ ಮೇಲೆ ಬ್ಯಾಂಕಿನ ಸಾಲವಿದ್ದರೆ ಅದು ತೀರಿದೆಯೆಂಬ 35ನೇ ನಮೂನೆಯೂ ಬೇಕು. ಆರ್.ಸಿ.ಯಲ್ಲಿರುವ ಇಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು ಗಾಡಿಯ ಮೇಲಿನ ಸಂಖ್ಯೆಗಳೊಂದಿಗೆ ಹೊಂದುತ್ತವೆಯೇ ಎಂದು ಕಣ್ಣಾರೆ ನೋಡಿರಿ. ನಂಬಲಾಗದಷ್ಟು ಅಗ್ಗವಾದರೆ ಕದ್ದ ಮಾಲಾಗಿರಬಹುದು. ಕದ್ದದ್ದೆಂದು ತಿಳಿದೂ ಕೊಳ್ಳುವವನು ಕಳ್ಳನ ಪಾಪದಲ್ಲಿ ಪಾಲುದಾರನೇ ಸರಿ.

ಗಾಡಿ ಕೊಟ್ಟು ಹಣ ಎಣಿಸಿಕೊಂಡ ಮೇಲೆ ವರ್ಷಗಟ್ಟಲೆ ಹೆಸರು ಬದಲಾಯಿಸದೆ ಬಿಡುವವರು ನಮ್ಮಲ್ಲಿ ಬಹಳ. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲಿಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟಪಡಿಸಿದೆ. ಎಂದೋ ಗಾಡಿ ಮಾರಿ ಮರೆತ ಬಡವನೊಬ್ಬ, ಯಾರೋ ಮಾಡಿದ ಅಪಘಾತಕ್ಕಾಗಿ ಕೋರ್ಟಿಗೆ ಅಲೆಯಬೇಕಾದರೆ ಆ ಭಾರ ಹೆಸರು ಬದಲಾಯಿಸದ ನಿಮ್ಮ ಹೆಗಲ ಮೇಲೂ ಇಲ್ಲವೇ? ವಿಮೆಯ ವಿಷಯವೂ ಹಾಗೆಯೇ. ಗಾಡಿ ಮನೆಗೆ ತರುವ ದಿನವೇ ವಿಮೆ ಚಾಲ್ತಿಯಲ್ಲಿದೆಯೇ ಎಂದು ನೋಡಬೇಕು. ಅದು ನಿಮಗಿಂತ ಹೆಚ್ಚಾಗಿ, ನಿಮ್ಮಿಂದ ನೋವು ತಿನ್ನಬಹುದಾದ ದಾರಿಹೋಕನ ಹಕ್ಕು.

ದಾರಿ ಹಿಡಿಯುವಾಗ

ಇನ್ನು ಆ ಮೊದಲ ಪ್ರಯಾಣ. ನಿಮಗೆ ಗಾಡಿಯ ಸ್ವಭಾವ ಗೊತ್ತಿಲ್ಲ, ಗಾಡಿಗೆ ನಿಮ್ಮ ಕೈ ಗೊತ್ತಿಲ್ಲ. ಜೊತೆಗೆ ಚಳಿ. ಇಂತಹ ಹೊತ್ತಿನಲ್ಲಿ ತವಕ್ಕುಲ್ ಎಂದರೇನು? ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದು ತಿರ್ಮಿದಿಯಲ್ಲಿದೆ. ಬೈಕಿನ ವಿಷಯದಲ್ಲಿ ಒಂಟೆ ಕಟ್ಟುವುದೆಂದರೆ ಇಷ್ಟು:

ಚಳಿ ಹೆಚ್ಚಾದಂತೆ ಟೈರಿನ ಗಾಳಿಯ ಒತ್ತಡ ಇಳಿಯುತ್ತದೆ. ಹತ್ತು ಡಿಗ್ರಿ ಸೆಲ್ಸಿಯಸ್ ಇಳಿದರೆ ಸುಮಾರು ಎರಡು ಪೌಂಡ್ ಕಡಿಮೆಯಾಗುತ್ತದೆ. ಹೊರಡುವ ಮೊದಲು ಗಾಳಿ ನೋಡಿಸಿರಿ. ಬ್ಯಾಟರಿಯ ಬಲ ಚಳಿಗೆ ಕುಗ್ಗುತ್ತದೆ, ಇಂಜಿನ್ನಿನ ಎಣ್ಣೆ ಗಟ್ಟಿಯಾಗುತ್ತದೆ. ಆದ್ದರಿಂದ ಸ್ಟಾರ್ಟ್ ಮಾಡಿದ ತಕ್ಷಣ ಎಕ್ಸಿಲೇಟರ್ ತಿರುಗಿಸದೆ ಸ್ವಲ್ಪ ಹೊತ್ತು ಬಿಡಿರಿ, ಮೊದಲ ಕೆಲವು ಕಿಲೋಮೀಟರ್ ನಿಧಾನವಾಗಿ ಓಡಿಸಿರಿ. ಖಾಲಿ ರಸ್ತೆಯಲ್ಲಿ ಎರಡೂ ಬ್ರೇಕುಗಳನ್ನು ಹತ್ತು ಸಲ ಹಿಡಿದು ನೋಡಿರಿ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲೆಂದು ಇಂಜಿನ್ ಬಂದ್ ಮಾಡಬೇಡಿರಿ. ಕೆಳಗಿನ ಗೇರಿನಲ್ಲಿ ಇಳಿದರೆ ಇಂಜಿನ್ನೇ ಅರ್ಧ ಬ್ರೇಕಿನ ಕೆಲಸ ಮಾಡುತ್ತದೆ.

ಕೈಗವಸು, ಕಿವಿ ಮುಚ್ಚುವ ಹೆಲ್ಮೆಟ್, ಗಾಳಿ ತಡೆಯುವ ಜಾಕೀಟು ಇರಲಿ. ಜಾಕೀಟಿಲ್ಲದಿದ್ದರೆ ಅಂಗಿಯೊಳಗೆ ಎದೆಗೆ ದಿನಪತ್ರಿಕೆಯ ಹಾಳೆಗಳನ್ನು ಮಡಿಸಿ ಇಟ್ಟುಕೊಂಡರೂ ಗಾಳಿ ತಡೆಯುತ್ತದೆ. ಮರುದಿನ ನಾವು ಹಾಗೆಯೇ ಬಂದೆವು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಮರಗಟ್ಟಿದ ಬೆರಳು ಒಂದು ಸೆಕೆಂಡ್ ತಡಮಾಡಿದರೆ ಅಷ್ಟು ದೂರ ನೀವು ಬ್ರೇಕಿಲ್ಲದ ಗಾಡಿಯಲ್ಲಿದ್ದಂತೆಯೇ. ಬೆರಳು ಜುಮ್ಮೆಂದರೆ ನಿಲ್ಲಿಸಿರಿ, ಬಿಸಿ ಚಹಾ ಕುಡಿಯಿರಿ, ಕೈ ಬೆಚ್ಚಗಾದ ಮೇಲೆ ಹೊರಡಿರಿ. ಹಿಂದೆ ಕುಳಿತವರಿಗೂ ಹೆಲ್ಮೆಟ್ ಬೇಕೆಂದು ಕಾನೂನು ಹೇಳುತ್ತದೆ. ಪೊಲೀಸರಿಗಾಗಿ ಅಲ್ಲ, ಅಲ್ಲಾಹನು ಅಮಾನತ್ತಾಗಿ ಕೊಟ್ಟ ತಲೆಗಾಗಿ ಅದನ್ನು ಧರಿಸಿರಿ.

ಮನೆಯವರಿಗೂ ಒಂದು ಮಾತು. “ಎಲ್ಲಿದ್ದೀಯಾ, ಯಾಕೆ ಇನ್ನೂ ಬರಲಿಲ್ಲ” ಎಂದು ಐದು ನಿಮಿಷಕ್ಕೊಮ್ಮೆ ಫೋನ್ ಮಾಡಬೇಡಿರಿ. “ಕತ್ತಲಾದರೆ ಅಲ್ಲೇ ಉಳಿದುಕೋ, ನಾಳೆ ಬಾ” ಎಂದು ಹೊರಡುವಾಗಲೇ ಹೇಳಿ ಕಳುಹಿಸಿರಿ. ತಾಯಿಯ ಆ ಒಂದು ಮಾತು ಮಗನ ಆತುರಕ್ಕೆ ಬ್ರೇಕು.

ಮರಳಬೇಕಾದ ಮನೆ

ಜಾಬಿರ್ ಬಿನ್ ಅಬ್ದುಲ್ಲಾ(ರ) ಅವರ ಒಂಟೆಯ ಕಥೆ ನಿಮಗೆ ಗೊತ್ತಿರಬಹುದು. ಬುಖಾರಿ ಮತ್ತು ಮುಸ್ಲಿಮಿನಲ್ಲಿದೆ. ಪ್ರಯಾಣದಿಂದ ಮರಳುವಾಗ ಅವರ ಒಂಟೆ ದಣಿದು ಹಿಂದುಳಿದಿತ್ತು. ಪ್ರವಾದಿವರ್ಯರು(ಸ) ಬಂದು ಅದನ್ನು ಹುರಿದುಂಬಿಸಿದಾಗ ಅದು ಎಂದೂ ಇಲ್ಲದ ವೇಗದಲ್ಲಿ ನಡೆಯತೊಡಗಿತು. ಇದನ್ನು ನನಗೆ ಮಾರು ಎಂದು ಪ್ರವಾದಿಯವರು(ಸ) ಕೇಳಿದರು. ಮದೀನದ ತಮ್ಮ ಮನೆಯವರೆಗೆ ಅದರ ಮೇಲೆಯೇ ಸವಾರಿ ಮಾಡುವ ಷರತ್ತಿನೊಂದಿಗೆ ಜಾಬಿರ್(ರ) ಮಾರಿದರು. ಊರು ತಲುಪಿ ಒಂಟೆಯನ್ನು ಒಪ್ಪಿಸಿದಾಗ ಬೆಲೆ ಪೂರ್ತಿಯಾಗಿ ಸಂದಾಯವಾಯಿತು. ಜಾಬಿರ್(ರ) ಹಿಂದಿರುಗಿ ಹೊರಟಾಗ ಪ್ರವಾದಿವರ್ಯರು(ಸ) ಅವರನ್ನು ಕರೆಸಿ, ಹಣವೂ ನಿನ್ನದು ಒಂಟೆಯೂ ನಿನ್ನದು ಎಂದು ಎರಡನ್ನೂ ಕೊಟ್ಟುಬಿಟ್ಟರು. ಮಾತು ಸ್ಪಷ್ಟ, ಷರತ್ತು ಸ್ಪಷ್ಟ, ಸಂದಾಯ ಪೂರ್ಣ, ಅದರ ಮೇಲೆ ಔದಾರ್ಯ. ಒಬ್ಬ ಸಂಗಡಿಗನು ಅವನ ಮನೆಗೆ ಸುಖವಾಗಿ ಸೇರಬೇಕೆಂಬ ಕಾಳಜಿಯೂ ಆ ವ್ಯಾಪಾರದೊಳಗಿತ್ತು. ಮಡಿಕೇರಿಯ ಆ ಹಿರಿಯರಲ್ಲಿ ನಾನು ಅದೇ ಗುಣದ ಒಂದು ನೆರಳನ್ನು ಕಂಡೆ. ಮರುದಿನ ಬೆಳಿಗ್ಗೆ ನಾವು ಹೊರಡುವಾಗ ಅವರು ತಮ್ಮ ಹಳೆಯ ಸ್ವೆಟರನ್ನು ತಂದು ಹುಡುಗನಿಗೆ ತೊಡಿಸಿದ್ದರು.

ಗಾಡಿಯ ಮೇಲೆ ಕುಳಿತಾಗ ಓದಬೇಕಾದ ಪ್ರಾರ್ಥನೆಯನ್ನು ಅಲ್ಲಾಹನು ಅಝ್ಝುಖ್‌ರುಫ್ ಅಧ್ಯಾಯದ 13 ಮತ್ತು 14ನೇ ಸೂಕ್ತಗಳಲ್ಲಿ ಕಲಿಸಿದ್ದಾನೆ. ನಮ್ಮ ಶಕ್ತಿಗೆ ಮೀರಿದ್ದ ಈ ವಾಹನವನ್ನು ನಮಗೆ ಅಧೀನಗೊಳಿಸಿದವನು ಪರಮ ಪಾವನನೆಂದು ನಾವು ಒಪ್ಪಿಕೊಳ್ಳುತ್ತೇವೆ. ಕೊನೆಗೆ, ನಾವು ನಮ್ಮ ಪ್ರಭುವಿನೆಡೆಗೇ ಮರಳುವವರು ಎನ್ನುತ್ತೇವೆ. ಯೋಚಿಸಿರಿ, ಪೇಟೆಗೋ ತೋಟಕ್ಕೋ ಹೋಗುವವನ ಬಾಯಲ್ಲಿ ಕೊನೆಯ ಪ್ರಯಾಣದ ಮಾತೇಕೆ? ವಾಹನ ಏರುವ ಪ್ರತಿಯೊಬ್ಬನೂ ಎರಡು ಮನೆಗಳ ನಡುವೆ ಇರುತ್ತಾನೆ. ಒಂದರ ಬಾಗಿಲಲ್ಲಿ ತಾಯಿ ಕಾಯುತ್ತಿದ್ದಾಳೆ. ಇನ್ನೊಂದರಲ್ಲಿ ಲೆಕ್ಕ ಕಾಯುತ್ತಿದೆ. ಹಣದ ಲೆಕ್ಕವನ್ನು ಶುದ್ಧವಾಗಿಟ್ಟು, ಪ್ರಾಣವನ್ನು ಜೋಪಾನ ಮಾಡಿದವನು ಎರಡೂ ಮನೆಗಳಿಗೆ ನಿರ್ಭಯವಾಗಿ ಮರಳಬಲ್ಲನು.

ನಾವು ಮಧ್ಯಾಹ್ನ ಮನೆ ಸೇರಿದಾಗ ತಂಗಿ ಗಾಡಿಯ ಬಣ್ಣ ನೋಡಲಿಲ್ಲ, ಬೆಲೆ ಕೇಳಲಿಲ್ಲ. ಮಗನ ಕೈಗಳನ್ನು ಹಿಡಿದು ತಿರುಗಿಸಿ ನೋಡಿದಳು. “ಕೈ ಬೆಚ್ಚಗಿದೆ, ಅಲ್ಹಮ್ದುಲಿಲ್ಲಾಹ್” ಎಂದಳು.

ಅಲ್ಲಾಹನು ನಮ್ಮ ವ್ಯವಹಾರಗಳಲ್ಲಿ ಸತ್ಯವನ್ನೂ ನಮ್ಮ ಪ್ರಯಾಣಗಳಲ್ಲಿ ಸುರಕ್ಷೆಯನ್ನೂ ದಯಪಾಲಿಸಲಿ. ನಾವು ಯಾರಿಗಾದರೂ ಮುಚ್ಚಿಟ್ಟು ಮಾರಿದ್ದರೆ, ಅದನ್ನು ಸರಿಪಡಿಸಿಕೊಳ್ಳಲು ಆ ದಿನ ಬರುವುದಕ್ಕೆ ಮುಂಚೆಯೇ ಧೈರ್ಯವನ್ನು ಕರುಣಿಸಲಿ. ಆಮೀನ್.